ಬಾಸ್ ಮತ್ತು ಟ್ರೌಟ್ ಮೀನಿಗೆ ಗಾಳ: ನೀರನ್ನು ಓದುವ, ಮೀನನ್ನು ಉಳಿಸುವ, ನಿಯಮ ಪಾಲಿಸುವ ಕ್ರಮ

ಬಾಸ್ ಅಥವಾ ಟ್ರೌಟ್ ಮೀನಿಗೆ ಗಾಳ ಹಾಕಲು ಹೊರಡುವವರ ಚೀಲದಲ್ಲಿ ಮೊದಲು ಇರಬೇಕಾದ ವಸ್ತು ಉಷ್ಣಮಾಪಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮೀನುಗಳ ಮೈಗೆ ತನ್ನದೇ ಆದ ಬಿಸುಪಿಲ್ಲ. ಸುತ್ತಲಿನ ನೀರು ಎಷ್ಟು ತಣ್ಣಗಿದೆ, ಎಷ್ಟು ಬೆಚ್ಚಗಿದೆ ಎಂಬುದರ ಮೇಲೆಯೇ ಅವುಗಳ ಹಸಿವು, ಚುರುಕು, ಆಯಾಸದಿಂದ ಚೇತರಿಸಿಕೊಳ್ಳುವ ಶಕ್ತಿ ಎಲ್ಲವೂ ನಿಂತಿವೆ. ಮೀನು ಎಲ್ಲಿರುತ್ತದೆ, ಯಾವ ಎರೆಗೆ ಬಾಯಿ ಹಾಕುತ್ತದೆ, ಹಿಡಿದು ಬಿಟ್ಟರೆ ಬದುಕುತ್ತದೆಯೇ, ಆ ದಿನ ಗಾಳ ಹಾಕುವುದೇ ಸರಿಯೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಲು ನೀರಿನ ಉಷ್ಣತೆಯಿಂದಲೇ ಆರಂಭಿಸಬೇಕು. ಸರ್ಕಾರಗಳು ಮಾಡಿರುವ ನಿಯಮಗಳಲ್ಲಿ ಕೆಲವಂತೂ ನೇರವಾಗಿ ಉಷ್ಣತೆಯ ಅಳತೆಯನ್ನೇ ಆಧರಿಸಿವೆ.

ಬಾಸ್ ಎಂದು ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕ ಮೂಲದ ಎರಡು ಮೀನುಗಳನ್ನು: ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ಹಿಂದಿನ ಅಂಚನ್ನು ದಾಟಿದರೆ ಅದು ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ಮೊದಲನೆಯದು ಕೆರೆ, ಜಲಾಶಯಗಳ ನೀರುಗಿಡ ಮತ್ತು ಮುಳುಗಿದ ಮರಗಳ ನಡುವೆ ಅಡಗಿ ಹೊಂಚು ಹಾಕುವ ಮೀನಾದರೆ, ಎರಡನೆಯದು ತಿಳಿನೀರನ್ನೂ ಕಲ್ಲುತಳವನ್ನೂ ಬಯಸುತ್ತದೆ. ಟ್ರೌಟ್‌ಗಳಲ್ಲಿ ಮೂರು ಹೆಚ್ಚು ಪರಿಚಿತ. ರೇನ್‌ಬೋ ಟ್ರೌಟ್ ಪೆಸಿಫಿಕ್ ಸಾಗರಕ್ಕೆ ಹರಿಯುವ ನದಿಗಳದ್ದು, ಬ್ರೌನ್ ಟ್ರೌಟ್ ಮುಖ್ಯವಾಗಿ ಯೂರೋಪಿನದ್ದು, ಬ್ರೂಕ್ ಟ್ರೌಟ್ ಉತ್ತರ ಅಮೆರಿಕದ ಪೂರ್ವಭಾಗದ್ದು. ಈಗ ಇವೆಲ್ಲ ತಮ್ಮ ಮೂಲ ನೆಲೆಗಳಿಂದ ಬಹುದೂರದ ನೀರುಗಳಲ್ಲೂ ಇರುವುದರಿಂದ, ಒಂದೇ ಮೀನು ಒಂದು ಕಡೆ ರಕ್ಷಣೆಗೆ ಅರ್ಹವಾದ ಮೂಲನಿವಾಸಿ, ಇನ್ನೊಂದು ಕಡೆ ಹೊರಗಿನಿಂದ ಬಂದು ಸ್ಥಳೀಯ ಮೀನುಗಳನ್ನು ತಿಂದುಹಾಕುವ ಆಕ್ರಮಣಕಾರಿ. ಮುಂದೆ ನಿಯಮಗಳ ಮಾತು ಬಂದಾಗ ಈ ವ್ಯತ್ಯಾಸ ಬಹಳ ಮುಖ್ಯವಾಗುತ್ತದೆ.

ಉಷ್ಣತೆ ಏನು ಹೇಳುತ್ತದೆ

ಟ್ರೌಟ್ ತಣ್ಣೀರಿನ ಮೀನು. ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಚೆನ್ನಾಗಿ ತಿನ್ನುತ್ತದೆ. 20 ಡಿಗ್ರಿ ದಾಟಿತೆಂದರೆ ಅದರ ದೇಹದ ಮೇಲೆ ಒತ್ತಡ ಹೆಚ್ಚುತ್ತದೆ. ಇದರ ಹಿಂದೆ ಎರಡು ಕಾರಣಗಳಿವೆ. ನೀರು ಬೆಚ್ಚಗಾದಂತೆ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು, 20 ಡಿಗ್ರಿಯಲ್ಲಿ ಅದು ಸುಮಾರು 9.1ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬೆಚ್ಚಗಿನ ನೀರಿನಲ್ಲಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣ ಏರುತ್ತದೆ. ಇಂಥ ಸ್ಥಿತಿಯಲ್ಲಿ ಗಾಳಕ್ಕೆ ಸಿಕ್ಕಿ ಕೆಲವು ನಿಮಿಷ ಹೋರಾಡಿದ ಟ್ರೌಟ್ ಕೈಯಿಂದ ಬಿಟ್ಟಾಗ ಈಜಿಕೊಂಡು ಹೋದಂತೆ ಕಂಡರೂ, ಕೆಲವು ಗಂಟೆಗಳ ನಂತರ ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ ಸಾಯಬಹುದು. ಆದ್ದರಿಂದ ನೀರು 20 ಡಿಗ್ರಿ ಮುಟ್ಟಿದಾಗ ಟ್ರೌಟ್‌ಗೆ ಗಾಳ ಹಾಕುವುದನ್ನು ನಿಲ್ಲಿಸಿಬಿಡಬೇಕು. ಬೇಸಿಗೆಯಲ್ಲಿ ಬೆಳಗಿನ ಜಾವ ಹೋಗಿ, ಬಿಸಿಲೇರುವ ಮೊದಲೇ ದಾರ ಸುತ್ತಿಕೊಳ್ಳುವುದು ಸರಿಯಾದ ಕ್ರಮ. ಸಂಜೆಯ ಹೊತ್ತಿಗೆ ಗಾಳಿ ತಂಪಾದರೂ ದಿನವಿಡೀ ಕಾದ ನೀರು ಅಷ್ಟು ಬೇಗ ಆರುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ.

ಬಾಸ್ ಇದಕ್ಕಿಂತ ಬೆಚ್ಚಗಿನ ನೀರನ್ನು ಬಯಸುತ್ತದೆ. ಲಾರ್ಜ್‌ಮೌತ್ 18ರಿಂದ 27 ಡಿಗ್ರಿಯಲ್ಲಿ ಚುರುಕಾಗಿ ಬೇಟೆಯಾಡುತ್ತದೆ. ವಸಂತದಲ್ಲಿ ನೀರು 15 ಡಿಗ್ರಿ ದಾಟುತ್ತಿದ್ದಂತೆ ಗಂಡುಮೀನು ದಡದ ಬಳಿಯ ಆಳವಿಲ್ಲದ ಜಾಗದಲ್ಲಿ ಬಾಲದಿಂದ ತಳವನ್ನು ಗುಡಿಸಿ, ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮರಿಗಳು ಚದುರುವವರೆಗೂ ಕಾವಲು ಕಾಯುವುದು ಗಂಡೇ. ಆ ದಿನಗಳಲ್ಲಿ ಅದು ಹಸಿವಿನಿಂದಲ್ಲ, ಗೂಡಿನ ರಕ್ಷಣೆಗಾಗಿ ಎರೆಯ ಮೇಲೆ ಎರಗುತ್ತದೆ. ಕೆಲವೇ ನಿಮಿಷ ಅದನ್ನು ಗೂಡಿನಿಂದ ಎತ್ತಿದರೂ ಸುತ್ತಲೇ ಕಾದಿರುವ ಸಣ್ಣ ಮೀನುಗಳು ಮೊಟ್ಟೆಗಳಿಗೆ ಮುಗಿಬೀಳುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಹಲವು ವಲಯಗಳಲ್ಲಿ ಬಾಸ್ ಹಿಡಿಯುವ ಋತು ಜೂನ್ ಬರುವವರೆಗೆ ತೆರೆಯದಿರುವುದಕ್ಕೆ ಇದೇ ಕಾರಣ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ನಿರ್ಬಂಧವಿಲ್ಲ. ನಿರ್ಬಂಧವಿಲ್ಲದ ಕಡೆಯಲ್ಲೂ ಗೂಡಿನ ಮೇಲೆ ನಿಂತ ಮೀನು ಕಣ್ಣಿಗೆ ಬಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕೆಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಬಾಸ್ ಹಿಡಿಯುವ ವಿಧಾನ

ಬಾಸ್ ಮೀನಿಗೆ ಮರೆ ಬೇಕು. ಜೊಂಡಿನ ಅಂಚು, ತೇಲುವ ಎಲೆಗಳ ಕೆಳಗಿನ ನೆರಳು, ಬಿದ್ದ ಮರದ ಕೊಂಬೆಗಳು, ದೋಣಿಕಟ್ಟೆಯ ಕಂಬಗಳು, ತಳ ಇದ್ದಕ್ಕಿದ್ದಂತೆ ಆಳವಾಗುವ ಅಂಚು ಇವುಗಳನ್ನು ಗುರುತಿಸಿ ಎರೆಯನ್ನು ಮರೆಯ ಪಕ್ಕಕ್ಕೇ ಹಾಕಬೇಕು. ಬಯಲು ನೀರಿನಲ್ಲಿ ದೂರ ಎಸೆಯುವುದಕ್ಕಿಂತ ಒಂದು ಕಂಬದಿಂದ ಗೇಣು ದೂರಕ್ಕೆ ನಿಖರವಾಗಿ ಎಸೆಯುವುದು ಹೆಚ್ಚು ಫಲ ಕೊಡುತ್ತದೆ. ನೀರು ತಣ್ಣಗಿದ್ದಾಗ ಎರೆಯನ್ನು ನಿಧಾನವಾಗಿ ತಳಕ್ಕೆ ತಾಗಿಸಿ ಎಳೆಯಬೇಕು. ಬೆಚ್ಚಗಾದಂತೆ ಕ್ರ್ಯಾಂಕ್‌ಬೈಟ್ (ಎಳೆದಾಗ ಓಲಾಡುತ್ತ ಮುಳುಗುವ ಮೀನಿನಾಕಾರದ ಕೃತಕ ಎರೆ), ಸ್ಪಿನ್ನರ್‌ಬೈಟ್ (ತಿರುಗುವ ತಗಡಿರುವ ಕೃತಕ ಎರೆ) ಮುಂತಾದ ವೇಗದ ಎರೆಗಳನ್ನೂ, ಬೆಳಗು ಸಂಜೆಯ ಮಂದ ಬೆಳಕಿನಲ್ಲಿ ನೀರಿನ ಮೇಲೆ ಚಲಿಸುವ ಕಪ್ಪೆಯಾಕಾರದ ಎರೆಗಳನ್ನೂ ಬಳಸಬಹುದು.

ಹೊಸಬರು ಒಂದೇ ಒಂದು ವಿಧಾನವನ್ನು ಕಲಿಯಬೇಕೆಂದರೆ ನಾನು ಟೆಕ್ಸಸ್ ರಿಗ್ ಅನ್ನು, ಅಂದರೆ ಕೊಕ್ಕೆಯ ಮೊನೆ ಪ್ಲಾಸ್ಟಿಕ್ ಹುಳುವಿನಲ್ಲಿ ಮರೆಯಾಗಿರುವ ಜೋಡಣೆಯನ್ನು, ಸೂಚಿಸುತ್ತೇನೆ, ಏಕೆಂದರೆ ಅದು ಗಿಡಗಂಟಿಗಳ ನಡುವೆಯೂ ಸಿಕ್ಕಿಹಾಕಿಕೊಳ್ಳದೆ ಹಾದುಬರುತ್ತದೆ. ಮೊದಲು ಬಂದೂಕಿನ ಗುಂಡಿನಾಕಾರದ ತೂಕವನ್ನು ಅದರ ಚೂಪು ತುದಿ ರಾಡ್‌ನ (ಗಾಳದ ಕೋಲಿನ) ಕಡೆಗೆ ಇರುವಂತೆ ದಾರಕ್ಕೆ ಪೋಣಿಸಿ, ಕುತ್ತಿಗೆಯ ಬಳಿ ಬಾಗಿರುವ ಆಫ್‌ಸೆಟ್ ಕೊಕ್ಕೆಯನ್ನು ಕಟ್ಟಬೇಕು. ದಾರವನ್ನು ಎರಡಾಗಿ ಮಡಿಚಿ ಕಟ್ಟುವ ಪಾಲೊಮಾರ್ ಗಂಟು ಇದಕ್ಕೆ ಸಾಕು. ಯಾವುದೇ ಗಂಟನ್ನು ಬಿಗಿಯುವ ಮುನ್ನ ಅದನ್ನು ಒದ್ದೆ ಮಾಡಬೇಕು; ಒಣಗಿದ ದಾರ ಬಿಗಿಯುವಾಗ ಉಜ್ಜಿ ಬಿಸಿಯಾಗಿ ದುರ್ಬಲಗೊಳ್ಳುತ್ತದೆ. ಬಳಿಕ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ತಲೆಯ ನಡುವಿಗೆ ಕೊಕ್ಕೆಯ ಮೊನೆಯನ್ನು ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ, ಪಕ್ಕದಿಂದ ಹೊರತೆಗೆದು, ಕೊಕ್ಕೆಯ ಕಣ್ಣು ಹುಳುವಿನ ತಲೆಯೊಳಗೆ ಸೇರುವವರೆಗೆ ಎಳೆಯಬೇಕು. ಕೊಕ್ಕೆಯನ್ನು ತಿರುಗಿಸಿ ಹುಳುವಿನ ಪಕ್ಕಕ್ಕೆ ಹಿಡಿದು ನೋಡಿದರೆ ಅದರ ಬಾಗು ಎಲ್ಲಿಗೆ ಬರುತ್ತದೆಂದು ತಿಳಿಯುತ್ತದೆ. ಅಲ್ಲಿ ಮೊನೆಯನ್ನು ಚುಚ್ಚಿ ಆಚೆ ಬದಿಯ ತೊಗಲಿನ ಅಂಚಿನಲ್ಲಿ ಮರೆಯಾಗಿರುವಂತೆ ನಿಲ್ಲಿಸಬೇಕು. ಹುಳು ನೇರವಾಗಿ ನೇತಾಡಬೇಕು. ಸ್ವಲ್ಪ ಬಾಗಿದ್ದರೂ ಎಳೆಯುವಾಗ ಗಿರಗಿರನೆ ಸುತ್ತಿ ದಾರವನ್ನು ತಿರುಚುತ್ತದೆ.

ಎಸೆದ ಮೇಲೆ ಹುಳು ಮುಳುಗುತ್ತಿರುವಾಗಲೇ ಹೆಚ್ಚಿನ ಸಲ ಮೀನು ಕಚ್ಚುತ್ತದೆ. ಆದ್ದರಿಂದ ದಾರ ನೀರನ್ನು ಸೇರುವ ಜಾಗದ ಮೇಲೆ ಕಣ್ಣಿಟ್ಟಿರಬೇಕು: ದಾರ ಚಿಕ್ಕದಾಗಿ ನೆಗೆದರೆ, ಪಕ್ಕಕ್ಕೆ ಸರಿದರೆ, ಅಥವಾ ತಳ ಮುಟ್ಟುವ ಮೊದಲೇ ಸಡಿಲವಾದರೆ ಮೀನು ಎರೆಯನ್ನು ಬಾಯಿಗೆ ತೆಗೆದುಕೊಂಡಿದೆ ಎಂದರ್ಥ. ಸಡಿಲವನ್ನು ಸುತ್ತಿಕೊಂಡು ತಡಮಾಡದೆ ರಾಡ್ ಎತ್ತಿ ಕೊಕ್ಕೆಯನ್ನು ನಾಟಿಸಬೇಕು. ಮೀನು ಚೆನ್ನಾಗಿ ನುಂಗಲಿ ಎಂದು ಕಾಯುವ ಹಳೆಯ ಅಭ್ಯಾಸ ಇನ್ನೂ ಅನೇಕರಲ್ಲಿದೆ. ಹಾಗೆ ಕಾದರೆ ಕೊಕ್ಕೆ ತುಟಿಯ ಬದಲು ಗಂಟಲಿನಲ್ಲೋ ಕಿವಿರಿನ ಬಳಿಯೋ ನಾಟಿ, ಬಿಟ್ಟ ಮೀನು ಬದುಕುವ ಸಾಧ್ಯತೆ ತೀರ ಕಡಿಮೆಯಾಗುತ್ತದೆ.

ಟ್ರೌಟ್ ಹಿಡಿಯುವ ವಿಧಾನ

ತೊರೆಯಲ್ಲಿರುವ ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ಏಕೆಂದರೆ ಆಹಾರ ತೇಲಿಬರುವುದು ಆ ಕಡೆಯಿಂದ. ಆದರೆ ಬಿರುಸಾದ ಹರಿವಿನಲ್ಲಿ ನಿಂತರೆ ತಿಂದದ್ದಕ್ಕಿಂತ ಹೆಚ್ಚು ಶಕ್ತಿ ವ್ಯಯವಾಗುವುದರಿಂದ, ಅದು ಬಂಡೆಯ ಮುಂದೆ ಅಥವಾ ಹಿಂದೆ, ದಡ ಕೊರೆದ ಜಾಗದ ಕೆಳಗೆ, ಮಡುವಿನ ತಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ವೇಗದ ನೀರೂ ನಿಧಾನದ ನೀರೂ ಪಕ್ಕಪಕ್ಕ ಹರಿಯುವ ಗಡಿಯಲ್ಲಿ ನಿಲ್ಲುತ್ತದೆ. ಆ ಗಡಿಯನ್ನು ನೊರೆಯ ಸಾಲು ತೋರಿಸಿಕೊಡುತ್ತದೆ. ನೊರೆ ತೇಲುವ ದಾರಿಯಲ್ಲೇ ಹುಳಹುಪ್ಪಟೆಗಳೂ ತೇಲಿಬರುತ್ತವೆ.

ಮೀನಿನ ಬಳಿ ಹೋಗುವ ರೀತಿಯೇ ಇಲ್ಲಿ ಅರ್ಧ ಕೆಲಸ. ನೀರಿನೊಳಗಿನಿಂದ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ಶಂಕುವಿನಾಕಾರದ ಕಿಂಡಿಯೊಳಗೆ ಅಡಕವಾಗಿ ಕಾಣುತ್ತದೆ. ದಿಗಂತದ ಹತ್ತಿರದ ವಸ್ತುಗಳು ಆ ಕಿಂಡಿಯ ಅಂಚಿನಲ್ಲಿ ಚಪ್ಪಟೆಯಾಗಿ ಕುಗ್ಗಿರುತ್ತವೆ. ಹೀಗಾಗಿ ಎತ್ತರದ ದಡದ ಮೇಲೆ ನೆಟ್ಟಗೆ ನಿಂತವರು ಬೇಗ ಕಾಣಿಸಿಕೊಳ್ಳುತ್ತಾರೆ, ಬಾಗಿಕೊಂಡು ಕೆಳಹರಿವಿನ ಕಡೆಯಿಂದ, ಅಂದರೆ ಮೀನಿನ ಬೆನ್ನಹಿಂದಿನಿಂದ, ಬರುವವರು ಬಹಳ ಹತ್ತಿರದವರೆಗೂ ತಲುಪಬಲ್ಲರು. ನೆರಳು ನೀರಿನ ಮೇಲೆ ಬೀಳದಂತೆ, ಕಲ್ಲುಗಳು ಸದ್ದಾಗದಂತೆ ಹೆಜ್ಜೆಯಿಡಬೇಕು. ಪೋಲರೈಸ್ಡ್ ಕನ್ನಡಕ ನೀರಿನ ಮೇಲಿನ ಹೊಳಪನ್ನು ಕಡಿಮೆ ಮಾಡಿ ಮೀನನ್ನೂ ತಳವನ್ನೂ ತೋರಿಸುತ್ತದೆ, ಜೊತೆಗೆ ಹಾರಿಬರುವ ಕೊಕ್ಕೆಯಿಂದ ಕಣ್ಣನ್ನು ಕಾಯುತ್ತದೆ.

ಫ್ಲೈ, ಅಂದರೆ ಗರಿ ಮತ್ತು ನೂಲಿನಿಂದ ಕಟ್ಟಿದ ಕೀಟದಂತಹ ಎರೆ, ಬಳಸುವವರಿಗೆ 9 ಅಡಿಯ 5ನೇ ಸಂಖ್ಯೆಯ ರಾಡ್ (ಈ ಸಂಖ್ಯೆ ಅದಕ್ಕೆ ಹೊಂದುವ ದಾರದ ತೂಕವನ್ನು ಸೂಚಿಸುತ್ತದೆ) ಬಹುತೇಕ ಎಲ್ಲ ತೊರೆಗಳಿಗೂ ಹೊಂದುತ್ತದೆ. ಫ್ಲೈಯನ್ನು ಮೇಲ್ಹರಿವಿನತ್ತ ಹಾಕಿ, ನೀರಿನ ವೇಗದಲ್ಲೇ, ದಾರದ ಎಳೆತ ಸ್ವಲ್ಪವೂ ತಾಗದಂತೆ ತೇಲಿಬಿಡಬೇಕು. ನಡುವಿನ ವೇಗದ ಹರಿವು ದಾರವನ್ನು ಬಿಲ್ಲಿನಂತೆ ಬಾಗಿಸಿ ಫ್ಲೈಯನ್ನು ಎಳೆಯತೊಡಗಿದರೆ, ಅದು ಎಳೆಯುವ ಮೊದಲೇ ರಾಡ್‌ನ ತುದಿಯಿಂದ ದಾರವನ್ನು ಎತ್ತಿ ಮೇಲ್ಹರಿವಿನತ್ತ ಮಗುಚಬೇಕು. ಮೀನು ಮೇಲೆದ್ದು ತಿನ್ನುವುದು ಕಾಣುತ್ತಿದ್ದರೆ ತೇಲುವ ಫ್ಲೈ, ಕಾಣದಿದ್ದರೆ ತಳದ ಬಳಿ ಸಾಗುವ ನಿಂಫ್, ಅಂದರೆ ನೀರೊಳಗಿನ ಕೀಟದ ಮರಿಯನ್ನು ಹೋಲುವ ಫ್ಲೈ, ಹಾಕಬೇಕು. ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ಪಡೆಯುವುದರಿಂದ ಎರಡನೆಯದೇ ಹೆಚ್ಚು ಸಲ ಕೆಲಸಕ್ಕೆ ಬರುತ್ತದೆ. ಸ್ಪಿನ್ನಿಂಗ್ ರೀಲ್ (ದಾರ ಸುತ್ತುವ ರಾಟೆ) ಬಳಸುವವರು ತೆಳುವಾದ ದಾರಕ್ಕೆ ಸಣ್ಣ ಸ್ಪಿನ್ನರ್, ಅಂದರೆ ಎಳೆದಾಗ ತಿರುಗುವ ತಗಡಿನ ಎರೆ, ಕಟ್ಟಿ, ಅದರ ಮೂರುಮೊನೆಯ ಕೊಕ್ಕೆಯನ್ನು ತೆಗೆದು ಒಂಟಿ ಕೊಕ್ಕೆ ಹಾಕಿಕೊಳ್ಳುವುದು ಒಳ್ಳೆಯದು.

ನೀರಿಗಿಳಿದು ನಡೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ ಜಲ್ಲಿಯ ತಳವನ್ನು ಬಾಲದಿಂದ ಅಗೆದು ಮೊಟ್ಟೆ ಹೂಳುತ್ತವೆ. ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಜಲ್ಲಿಯ ತೇಪೆ ಕಂಡರೆ ಅದು ಮೊಟ್ಟೆಯ ಗುಂಡಿ. ಮೀನು ಅಲ್ಲಿಂದ ಹೋಗಿ ವಾರಗಳಾಗಿದ್ದರೂ ಮೊಟ್ಟೆಗಳು ಕಲ್ಲಿನ ಕೆಳಗೆ ಜೀವಂತವಾಗಿರುತ್ತವೆ. ಅದರ ಮೇಲೆ ಕಾಲಿಡಬಾರದು.

ಹಿಡಿದ ಮೀನನ್ನು ಬಿಡುವುದು

ಬಿಡುವ ಸಿದ್ಧತೆ ಗಾಳ ಹಾಕುವ ಮೊದಲೇ ಆಗಿರಬೇಕು. ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಳ್ಳಬೇಕು. ಗಂಟಿಲ್ಲದ ರಬ್ಬರ್ ಬಲೆಯ ಕೈಬಲೆ, ಉದ್ದಮೂತಿಯ ಇಕ್ಕಳ, ಕತ್ತರಿ ಇವು ಕೈಗೆಟಕುವಂತಿರಬೇಕು. ದಾರ ತೀರ ತೆಳುವಾಗಿದ್ದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ, ಆದ್ದರಿಂದ ಆ ನೀರಿಗೆ ಹೊಂದುವಷ್ಟರಲ್ಲಿ ಗಟ್ಟಿಯಾದ ದಾರವನ್ನೇ ಆರಿಸಿ, ರಾಡ್ ಅನ್ನು ಪಕ್ಕಕ್ಕೆ ಬಾಗಿಸಿ ಎಳೆದು ಬೇಗ ದಡಕ್ಕೆ ತರಬೇಕು.

ಮೀನು ಕೈಬಲೆಗೆ ಬಂದ ಮೇಲೆ ಬಲೆಯನ್ನು ನೀರಿನಲ್ಲೇ ಇರಿಸಿ. ಕೈಯನ್ನು ಒದ್ದೆ ಮಾಡಿಕೊಳ್ಳಿ; ಮೀನಿನ ಮೈಮೇಲಿನ ಲೋಳೆ ಅದನ್ನು ಶಿಲೀಂಧ್ರ ಮತ್ತು ಸೋಂಕಿನಿಂದ ಕಾಯುವ ಕವಚ, ಒಣಗಿದ ಕೈಯೂ ಬಟ್ಟೆಯೂ ಅದನ್ನು ಒರೆಸಿಹಾಕುತ್ತವೆ. ಟ್ರೌಟ್‌ನ ಹೊಟ್ಟೆಯ ಕೆಳಗೆ ಒಂದು ಕೈಯನ್ನು ಹಗುರವಾಗಿ ಕೊಟ್ಟು, ಹಿಸುಕದೆ, ಇಕ್ಕಳದಿಂದ ಕೊಕ್ಕೆಯ ಬಾಗನ್ನು ಹಿಡಿದು ಅದು ಒಳಗೆ ಹೋದ ದಾರಿಯಲ್ಲೇ ಹಿಂದಕ್ಕೆ ತಳ್ಳಿದರೆ ಹಿಮ್ಮುಳ್ಳಿಲ್ಲದ ಕೊಕ್ಕೆ ಒಂದೇ ಸಲಕ್ಕೆ ಹೊರಬರುತ್ತದೆ. ಕಿವಿರಿಗೆ ಬೆರಳು ತಾಗಬಾರದು. ಕೊಕ್ಕೆ ಗಂಟಲಿಗಿಳಿದಿದ್ದರೆ ಅದನ್ನು ಕೀಳುವ ಪ್ರಯತ್ನಕ್ಕೆ ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಬೇಕು. ಕೊಕ್ಕೆಯನ್ನು ಒಳಗೇ ಉಳಿಸಿಕೊಂಡ ಮೀನು ಬದುಕುವ ಸಾಧ್ಯತೆ, ಅದನ್ನು ಕಿತ್ತುತೆಗೆದ ಮೀನಿಗಿಂತ ಹೆಚ್ಚು. ಜೀವಂತ ಎರೆಯನ್ನು ಮೀನು ಆಳಕ್ಕೆ ನುಂಗುವುದು ಹೆಚ್ಚಾದ್ದರಿಂದ, ಬಿಡುವ ಉದ್ದೇಶವಿರುವವರು ಕೃತಕ ಎರೆಯನ್ನೇ ಬಳಸುವುದು ಉತ್ತಮ.

ಮೀನನ್ನು ನೀರಿನಿಂದ ಹೊರಗಿಡುವ ಕಾಲದ ಬಗ್ಗೆ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕೆನಡಾದ ಸಂಶೋಧಕರಾದ ಫರ್ಗುಸನ್ ಮತ್ತು ಟಫ್ಟ್ಸ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಸ್ತಾಗುವವರೆಗೆ ಈಜಿಸಿದ ರೇನ್‌ಬೋ ಟ್ರೌಟ್‌ಗಳನ್ನು ಗಾಳಿಗೆ ಒಡ್ಡದೆ ಬಿಟ್ಟಾಗ ಶೇ. 88ರಷ್ಟು ಉಳಿದವು, 30 ಸೆಕೆಂಡು ಗಾಳಿಗೆ ಒಡ್ಡಿದಾಗ ಶೇ. 62, 60 ಸೆಕೆಂಡು ಒಡ್ಡಿದಾಗ ಕೇವಲ ಶೇ. 28ರಷ್ಟು ಉಳಿದವು. ಪ್ರಯೋಗಾಲಯದ ಈ ಅಂಕಿಗಳು ಎಲ್ಲ ನೀರಿಗೂ ಹಾಗೆಯೇ ಅನ್ವಯಿಸಲಿಕ್ಕಿಲ್ಲವಾದರೂ, ಮೀನನ್ನು ಕೈಯಲ್ಲಿ ಹಿಡಿದು ಕ್ಯಾಮೆರಾ ಹುಡುಕುವವರು ಇವನ್ನು ನೆನಪಿಡಬೇಕು. ನೀರಿನ ಮಟ್ಟದಿಂದ ಒಂದು ಗೇಣು ಎತ್ತಿ, ಚಿತ್ರ ತೆಗೆದು, 10 ಸೆಕೆಂಡಿನೊಳಗೆ ಮತ್ತೆ ಇಳಿಸಬೇಕು. ಬಿಡುವಾಗ ತಲೆಯನ್ನು ಮೆಲ್ಲಗಿನ ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಬೇಕು. ಹಿಂದೆಮುಂದೆ ಎಳೆದಾಡುವುದರಿಂದ ಪ್ರಯೋಜನವಿಲ್ಲ.

ಬಾಸ್ ಅನ್ನು ಕೆಳದುಟಿ ಹಿಡಿದು ಎತ್ತಬಹುದು, ಆದರೆ ಬಾಲ ಕೆಳಗಿರುವಂತೆ ನೇರವಾಗಿ ನೇತಾಡಿಸಬೇಕೇ ಹೊರತು ತುಟಿಯನ್ನೇ ಸನ್ನೆಗೋಲಾಗಿಸಿ ಇಡೀ ಮೈಯನ್ನು ಅಡ್ಡಲಾಗಿ ಎತ್ತಬಾರದು, ಅದರಿಂದ ದವಡೆಗೆ ಪೆಟ್ಟಾಗುತ್ತದೆ. ತೂಕದ ಮೀನಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಸುಮಾರು 9 ಮೀಟರಿಗಿಂತ ಆಳದಿಂದ ಮೇಲಕ್ಕೆ ಎಳೆದ ಬಾಸ್‌ನ ಗಾಳಿಚೀಲ ಒತ್ತಡ ಇಳಿದು ಉಬ್ಬುವುದರಿಂದ ಅದು ಮತ್ತೆ ಮುಳುಗಲಾರದೆ ಮೇಲೆಯೇ ತೇಲುತ್ತದೆ; ಬಿಡುವ ಉದ್ದೇಶದಿಂದ ಅಷ್ಟು ಆಳದಲ್ಲಿ ಗಾಳ ಹಾಕದಿರುವುದೇ ಸುರಕ್ಷಿತ.

ತಿನ್ನಲು ಇಟ್ಟುಕೊಳ್ಳುವ ಮೀನಿನ ವಿಷಯದಲ್ಲೂ ಅಷ್ಟೇ ಕಾಳಜಿ ಬೇಕು. ದಾರಕ್ಕೆ ಪೋಣಿಸಿ ಗಂಟೆಗಟ್ಟಲೆ ನೀರಿನಲ್ಲಿ ಎಳೆದಾಡದೆ, ಹಿಡಿದ ಕೂಡಲೇ ಕಣ್ಣುಗಳ ಹಿಂದೆ, ತಲೆಯ ಮೇಲೆ ಗಟ್ಟಿಯಾಗಿ ಹೊಡೆದು ಕೊಂದು, ಕಿವಿರು ಕತ್ತರಿಸಿ ರಕ್ತ ಇಳಿಸಿ, ಮಂಜುಗಡ್ಡೆಯಲ್ಲಿ ಇಡಬೇಕು. ಮೀನಿಗೆ ಯಾತನೆ ತಪ್ಪುತ್ತದೆ, ಮಾಂಸವೂ ಕೆಡುವುದಿಲ್ಲ.

ನಿಯಮಗಳು

ಪರವಾನಗಿ, ಋತು, ಅಳತೆ, ಸಂಖ್ಯೆ, ವಿಧಾನ ಈ ಐದನ್ನೂ ಹೋಗುವ ನೀರಿನ ಹೆಸರು ಹಿಡಿದು, ಆ ವರ್ಷದ ಅಧಿಕೃತ ನಿಯಮಾವಳಿಯಲ್ಲೇ ನೋಡಬೇಕು. ಒಂದೇ ನದಿಯ ಸೇತುವೆಯ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ನಿಯಮವಿರುವುದು ಅಪರೂಪವಲ್ಲ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಆದರೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ರಾಜ್ಯದ ಪರವಾನಗಿ ನಡೆಯುವುದಿಲ್ಲ, ಉದ್ಯಾನದ್ದೇ ಬೇಕು. ಇಂಗ್ಲೆಂಡಿನಲ್ಲಿ ಸರ್ಕಾರದ ರಾಡ್ ಪರವಾನಗಿಯ ಜೊತೆಗೆ ಆ ನೀರಿನ ಹಕ್ಕುದಾರರ ಅನುಮತಿಯೂ ಅಗತ್ಯ. ಅಮೆರಿಕದಲ್ಲಿ 1950ರ ಡಿಂಗಲ್–ಜಾನ್ಸನ್ ಕಾಯ್ದೆಯ ಪ್ರಕಾರ ಗಾಳದ ಸಾಮಗ್ರಿಗಳ ಮೇಲೆ ವಸೂಲಾಗುವ ತೆರಿಗೆ ರಾಜ್ಯಗಳ ಮತ್ಸ್ಯ ಸಂರಕ್ಷಣೆಗೆ ಹೋಗುತ್ತದೆ. ಪರವಾನಗಿಯಿಲ್ಲದೆ ಗಾಳ ಹಾಕುವವರು ಕದಿಯುವುದು ಈ ಸಂರಕ್ಷಣೆಯ ಪಾಲನ್ನೇ.

ಅಳತೆಯ ನಿಯಮಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಸ್ಲಾಟ್ ಮಿತಿ. ಇಂತಿಷ್ಟು ಉದ್ದದಿಂದ ಇಂತಿಷ್ಟು ಉದ್ದದವರೆಗಿನ ಮೀನುಗಳನ್ನು ಕಡ್ಡಾಯವಾಗಿ ಬಿಡಬೇಕು, ಅದಕ್ಕಿಂತ ಚಿಕ್ಕವನ್ನು ಇಟ್ಟುಕೊಳ್ಳಬಹುದು ಎಂಬುದು ಅದರ ಒಂದು ರೂಪ. ಚಿಕ್ಕ ಮೀನುಗಳು ಕಿಕ್ಕಿರಿದಿರುವ ನೀರಿನಲ್ಲಿ ಅವುಗಳಲ್ಲಿ ಕೆಲವನ್ನು ತೆಗೆದರೆ ಉಳಿದವಕ್ಕೆ ಆಹಾರ ಸಾಕಾಗಿ ಅವು ಬೆಳೆಯುತ್ತವೆ, ಮೊಟ್ಟೆಯಿಡುವ ವಯಸ್ಸಿನವು ಉಳಿಯುತ್ತವೆ. ಅಂಥ ಕಡೆ ಎಲ್ಲವನ್ನೂ ಬಿಟ್ಟು ಬರುವವರು ನಿಯಮದ ಉದ್ದೇಶಕ್ಕೆ ನೆರವಾಗುವುದಿಲ್ಲ. ಅಳೆಯುವಾಗ ಸಾಮಾನ್ಯವಾಗಿ ಬಾಯಿ ಮುಚ್ಚಿ, ಬಾಲದ ಎರಡು ಕವಲುಗಳನ್ನು ಒತ್ತಿ ಸೇರಿಸಿ, ಮೂತಿಯಿಂದ ಬಾಲದ ತುದಿಯವರೆಗಿನ ನೇರ ಉದ್ದವನ್ನು ತೆಗೆದುಕೊಳ್ಳುತ್ತಾರೆ. ಒದ್ದೆ ಹಲಗೆಯ ಮೇಲೆ ಅಳೆಯಬೇಕು. ದಿನದ ಮಿತಿ ಬೇರೆ, ಮನೆಯ ಫ್ರೀಜರಿನಲ್ಲಿರುವುದನ್ನೂ ಸೇರಿಸಿಕೊಳ್ಳುವ ಸ್ವಾಧೀನದ ಮಿತಿ ಬೇರೆ ಎಂಬುದೂ ತಿಳಿದಿರಲಿ.

ಉಷ್ಣತೆಯನ್ನೇ ಆಧರಿಸಿದ ನಿಯಮಕ್ಕೆ ಅಮೆರಿಕದ ಮೊಂಟಾನಾ ರಾಜ್ಯ ಒಳ್ಳೆಯ ಉದಾಹರಣೆ. ಅಲ್ಲಿ ನದಿಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ 2 ಗಂಟೆಯಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನು ನಿಷೇಧಿಸುವ ಕ್ರಮವಿದೆ. ಕಾನೂನು ತಡೆಯುವುದು 23ಕ್ಕೆ, ವಿವೇಕ ತಡೆಯಬೇಕಾದದ್ದು 20ಕ್ಕೆ.

ಹಿಡಿದದ್ದನ್ನು ಬಿಡುವುದು ಎಲ್ಲೆಡೆಯೂ ಸರಿಯಾದ ಕ್ರಮವಲ್ಲ ಎಂಬುದನ್ನು ನಿಯಮಗಳೇ ಹೇಳುತ್ತವೆ. ಯೆಲ್ಲೋಸ್ಟೋನ್ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಪತ್ತೆಯಾಯಿತು. ಹೊರಗಿನಿಂದ ಬಂದ ಈ ಮೀನು ಅಲ್ಲಿನ ಮೂಲನಿವಾಸಿ ಕಟ್‌ಥ್ರೋಟ್ ಟ್ರೌಟ್‌ಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಕುಸಿಯುವಂತೆ ಮಾಡಿದ್ದರಿಂದ, ಕಟ್‌ಥ್ರೋಟ್ ಸಿಕ್ಕರೆ ಬಿಡಬೇಕು, ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಜಪಾನಿನ ಬಿವಾ ಸರೋವರದಲ್ಲಿ 2009ರಲ್ಲಿ ಹಿಡಿದ ಲಾರ್ಜ್‌ಮೌತ್ 10 ಕಿಲೋಗ್ರಾಂ ದಾಟಿ, 1932ರಲ್ಲಿ ಜಾರ್ಜಿಯಾದಲ್ಲಿ ದಾಖಲಾದ ವಿಶ್ವದಾಖಲೆಯನ್ನು ಸರಿಗಟ್ಟಿತು. ಆದರೂ ಅದೇ ಸರೋವರದಲ್ಲಿ ಬಾಸ್ ಹಿಡಿದು ಮತ್ತೆ ಬಿಡುವುದನ್ನು ಸ್ಥಳೀಯ ಶಾಸನ ನಿಷೇಧಿಸುತ್ತದೆ, ಜೀವಂತ ಬಾಸ್ ಸಾಗಿಸುವುದು ಇಡೀ ಜಪಾನಿನಲ್ಲಿ ಅಪರಾಧ. ಸ್ವಿಟ್ಜರ್ಲೆಂಡಿನಲ್ಲಂತೂ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಪ್ರಾಣಿರಕ್ಷಣೆಯ ನಿಯಮಕ್ಕೆ ವಿರುದ್ಧ. ಹೀಗಾಗಿ ಕೈಗೆ ಬಂದ ಮೀನು ಯಾವ ಜಾತಿಯದೆಂದು ಖಚಿತವಾಗಿ ಗುರುತಿಸುವುದನ್ನು ಕಲಿಯದೆ ಯಾರೂ ನೀರಿಗೆ ಹೋಗಬಾರದು.

ಇಂಗ್ಲೆಂಡಿನಲ್ಲಿ ಹಂಸಗಳು ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ ಗಾಳಕ್ಕೆ ಕಟ್ಟುವ ಬಹುತೇಕ ಅಳತೆಯ ಸೀಸದ ತೂಕಗಳನ್ನು 1987ರಲ್ಲಿ ನಿಷೇಧಿಸಲಾಯಿತು. ನಿಷೇಧವಿಲ್ಲದ ಕಡೆಯಲ್ಲೂ ಟಂಗ್‌ಸ್ಟನ್ ಅಥವಾ ಉಕ್ಕಿನ ತೂಕ ಬಳಸಿ. ತುಂಡಾದ ದಾರವನ್ನು ಎಂದಿಗೂ ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೂ ಕೊಕ್ಕಿಗೂ ಅದು ಉರುಳಾಗುತ್ತದೆ.

ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸಾಮಗ್ರಿಗಳನ್ನು ಶುಚಿಗೊಳಿಸುವುದು ಎಲ್ಲರ ಹೊಣೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಾಗ, ನೀರಿಗಿಳಿಯುವ ಬೂಟುಗಳ ಫೆಲ್ಟ್ (ಒತ್ತಿದ ನಾರುಬಟ್ಟೆ) ಅಡಿಗಳಲ್ಲಿ ಅದು ದಿನಗಟ್ಟಲೆ ಹಸಿಯಾಗಿ ಬದುಕಿ ಸಾಗುತ್ತದೆಂದು ಕಂಡು, 2008ರಲ್ಲಿ ಅಂಥ ಬೂಟುಗಳನ್ನೇ ನಿಷೇಧಿಸಲಾಯಿತು. ಆದ್ದರಿಂದ ರಬ್ಬರ್ ಅಡಿಯ ಬೂಟುಗಳನ್ನೇ ಕೊಳ್ಳಿ. ನೀರಿನಿಂದ ಮೇಲೆ ಬಂದ ಕೂಡಲೇ ಬೂಟು, ಕೈಬಲೆ, ದೋಣಿಗಳಿಗೆ ಅಂಟಿದ ಕೆಸರನ್ನೂ ಗಿಡದ ಚೂರುಗಳನ್ನೂ ಅಲ್ಲಿಯೇ ಕಿತ್ತುಹಾಕಿ, ದೋಣಿಯೊಳಗಿನ ಮತ್ತು ಎರೆಯ ಡಬ್ಬಿಯಲ್ಲಿನ ನೀರನ್ನು ಪೂರ್ತಿ ಚೆಲ್ಲಿ, ಎಲ್ಲವನ್ನೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲಷ್ಟೇ ಮುಂದಿನ ನೀರಿಗೆ ಒಯ್ಯಬೇಕು. ಉಳಿದ ಜೀವಂತ ಎರೆಮೀನುಗಳನ್ನು ಕನಿಕರದಿಂದಲೂ ನೀರಿಗೆ ಬಿಡಬಾರದು, ಮಣ್ಣಿನಲ್ಲಿ ಉಳಿದ ಎರೆಹುಳುಗಳನ್ನು ದಡದಲ್ಲಿ ಸುರಿಯಬಾರದು. ಎರಡನ್ನೂ ಮುಚ್ಚಳವಿರುವ ಕಸದ ಬುಟ್ಟಿಗೆ ಹಾಕಬೇಕು.